ಲೈಕಿನ ಲೆಕ್ಕ ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರಿಗಾಗಿಯೂ ಸಣ್ಣ ವ್ಯಾಪಾರಿಗಳಿಗಾಗಿಯೂ ಪಕ್ಷದ ಜಿಲ್ಲಾ ಶಾಖೆ ನಡೆಸಿದ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಇಂದಿನ ವರ್ಗಕ್ಕೆ ಗೊತ್ತುಮಾಡಿರುವ ವಿಷಯ ತುಸು ಹೊಸದು. ಫೇಸ್‌ಬುಕ್ಕು, ಟ್ವಿಟರು ಮೊದಲಾದ ಜಾಲತಾಣಗಳಲ್ಲಿ ನಾವು ಹಾಕುವ ಬರಹಗಳನ್ನೂ, ಅವುಗಳಿಗೆ ಬಂದ ಲೈಕು, ಕಮೆಂಟು, ಶೇರುಗಳ ಲೆಕ್ಕವನ್ನೂ ಕಂಪನಿಯ ಕಂಪ್ಯೂಟರಿನಿಂದ ತರಿಸಿಕೊಳ್ಳುವುದು ಹೇಗೆ? ಅದಕ್ಕೆಂದು ಇರುವ ಎ.ಪಿ.ಐ. ಎಂಬ ಏರ್ಪಾಡು ಎಂಥದು? ಆ ಏರ್ಪಾಡಿನ ಬೀಗದ ಕೈ ಯಾರ ಬಳಿ ಇದೆ? "ಕೂಲಿ, ಬೋನಸ್ಸು, ತೆರಿಗೆಯ ಮಾತು ಬಿಟ್ಟು ಈ ಮೊಬೈಲಿನ ಮಾತು ನಮಗೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ಹಿಂದೆ ನಮ್ಮ ಸಂಘದವರು ಸಾವಿರ ಕರಪತ್ರ ಅಚ್ಚು ಹಾಕಿಸಿದರೆ, ಸಂಜೆ ಉಳಿದದ್ದನ್ನು ಎಣಿಸಿ ಎಷ್ಟು ಹಂಚಿದೆವೆಂದು ಹೇಳಬಲ್ಲವರಾಗಿದ್ದರು. ಗೇಟಿನ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಸೂಚನೆಯ ಎದುರು ಎಷ್ಟು ಜನ ನಿಂತು ಓದಿದರೆಂಬುದು ಕಣ್ಣಿಗೇ ಕಾಣುತ್ತಿತ್ತು. ಅಂಗಡಿಯವರು ಚಿತ್ರಮಂದಿರದಲ್ಲಿ ಒಂದು ಸ್ಲೈಡು ಹಾಕಿಸಿದರೆ, ಆ ರಾತ್ರಿ ಎಷ್ಟು ಸೀಟು ತುಂಬಿತ್ತೆಂದು ವಿಚಾರಿಸಬಹುದಾಗಿತ್ತು. ಈಗ ಸಂಘದ ಸೂಚನೆ ಹೋಗುವುದು ಫೇಸ್‌ಬುಕ್ ಪುಟದ ಮೇಲೆ. ಅಂಗಡಿಯ ಜಾಹೀರಾತು ಹೋಗುವುದೂ ಅಲ್ಲಿಗೇ. ಅದನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂಬುದನ್ನು ಕಂಪನಿಯ ಯಂತ್ರ ತೀರ್ಮಾನಿಸುತ್ತದೆ. ಎಷ್ಟು ಜನ ನೋಡಿದರು ಎಂಬ ಲೆಕ್ಕವನ್ನೂ ಅದೇ ಕಂಪನಿಯೇ ಬರೆಯುತ್ತದೆ. ಅಳೆಯುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ, ಹಣ ತೆಗೆದುಕೊಳ್ಳುವವನೂ ಅವನೇ. ದುಡಿಮೆ ಮಾಡಿ ಬಾಳುವವರು ಇಂಥ ವ್ಯವಹಾರವನ್ನು ಇನ್ನೊಂದು ಕಡೆಯಲ್ಲಾದರೆ ಸಹಿಸುತ್ತಾರೆಯೇ? ಇಲ್ಲಿ ಮಾತ್ರ ಏಕೆ ಸಹಿಸಬೇಕು? ಆದುದರಿಂದ ಈ ವಿಷಯ ನಮ್ಮದೇ ಆಗಿದೆ.

ಕಿಟಕಿ ಎಂಬುದೇನು?

ಎ.ಪಿ.ಐ. ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ರೈಲ್ವೆ ಸ್ಟೇಷನ್ನಿನ ಕಿಟಕಿಯನ್ನು ನೆನೆಯಿರಿ. ಒಳಗೆ ಪ್ರಯಾಣಿಕರ, ರೈಲುಗಳ ಎಲ್ಲ ಲೆಕ್ಕವೂ ಇದೆ. ನೀವು ಒಳಗೆ ನುಗ್ಗಿ ಪುಸ್ತಕ ತೆಗೆಯುವಂತಿಲ್ಲ. ಗೊತ್ತಾದ ಫಾರಮಿನಲ್ಲಿ ಬೇಕಾದ್ದನ್ನು ಬರೆದು ಕಿಟಕಿಯಲ್ಲಿ ಕೊಡಬೇಕು. ಫಾರಮು ಸರಿಯಾಗಿದ್ದರೆ ಉತ್ತರ ಬರುತ್ತದೆ, ತಪ್ಪಿದ್ದರೆ ಹಿಂದಕ್ಕೆ ಬರುತ್ತದೆ. ಎ.ಪಿ.ಐ. ಎಂಬುದು ಇಂಥ ಕಿಟಕಿ. ವ್ಯತ್ಯಾಸ ಇಷ್ಟೇ: ಹೊರಗೆ ನಿಂತು ಚೀಟಿ ಕೊಡುವುದು ನಮ್ಮ ಕಂಪ್ಯೂಟರು, ಒಳಗೆ ಕುಳಿತು ಉತ್ತರ ಕೊಡುವುದು ಅವರ ಕಂಪ್ಯೂಟರು. ಟ್ವಿಟರು ಇಂಥ ಕಿಟಕಿಯನ್ನು ೨೦೦೬ರಲ್ಲಿ ತೆರೆಯಿತು. ಫೇಸ್‌ಬುಕ್ಕು ಗ್ರಾಫ್ ಎ.ಪಿ.ಐ. ಎಂಬ ಹೆಸರಿನ ಕಿಟಕಿಯನ್ನು ೨೦೧೦ರಲ್ಲಿ ತೆರೆಯಿತು.

ನಮ್ಮ ಸಂಘಕ್ಕೆ ಫೇಸ್‌ಬುಕ್ಕಿನಲ್ಲಿ ಒಂದು ಪುಟ ಇದೆಯೆಂದು ಇಟ್ಟುಕೊಳ್ಳಿ. ಅದರ ಲೆಕ್ಕ ತರಿಸಿಕೊಳ್ಳುವ ಕ್ರಮ ಹೀಗೆ.

ಮೊದಲು ಪುಟವನ್ನು ನೋಡಿಕೊಳ್ಳುವವರು ಕಂಪನಿಯಲ್ಲಿ ಒಂದು ಆ್ಯಪನ್ನು ನೋಂದಾಯಿಸಬೇಕು. ಅನಂತರ ತಮ್ಮ ಪುಟದ ಲೆಕ್ಕವನ್ನು ಓದಲು ಆ ಆ್ಯಪಿಗೆ ಅನುಮತಿ ಕೊಡಬೇಕು. ಆಗ ಉದ್ದನೆಯ ಅಕ್ಷರಮಾಲೆಯೊಂದು ಕೈಗೆ ಬರುತ್ತದೆ. ಅದಕ್ಕೆ ಟೋಕನ್ ಎಂದು ಹೆಸರು. ಗಿರಣಿಯವರಿಗೆ ಬಿಲ್ಲೆಯೆಂದರೆ ಬೇಗ ತಿಳಿಯುತ್ತದೆ. ಬಿಲ್ಲೆ ತೋರಿಸಿದವನಿಗೆ ಗೇಟು ತೆರೆಯುತ್ತದೆ. ತೋರಿಸಿದವನು ಯಾರೆಂದು ಗೇಟು ಕೇಳುವುದಿಲ್ಲ. ಆದ್ದರಿಂದ ಈ ಬಿಲ್ಲೆಯನ್ನು ಗುಂಪುಗಳಲ್ಲಿ ಹಾಕುವುದಾಗಲಿ, ಅಪರಿಚಿತರಿಗೆ ಕಳಿಸುವುದಾಗಲಿ ಕೂಡದು. ಬಳಕೆದಾರನ ಹೆಸರಿನಲ್ಲಿ ಮೊದಲು ಸಿಗುವ ಬಿಲ್ಲೆ ಒಂದೆರಡು ಗಂಟೆಗಳ ಕಾಲ ಮಾತ್ರ ನಡೆಯುತ್ತದೆ. ಅದನ್ನು ಬದಲಾಯಿಸಿಕೊಂಡರೆ ಸುಮಾರು ೬೦ ದಿನ ನಡೆಯುವ ಬಿಲ್ಲೆ ಸಿಗುತ್ತದೆ.

ಬಿಲ್ಲೆಯೊಡನೆ ಚೀಟಿ ಕೊಡಬೇಕು. ಇಂಥ ಪುಟದ ಬರಹಗಳು ಬೇಕು, ಪ್ರತಿಯೊಂದಕ್ಕೂ ಅದರ ಒಕ್ಕಣೆ, ಹಾಕಿದ ದಿನ ಮತ್ತು ಹೊತ್ತು, ಶೇರುಗಳ ಸಂಖ್ಯೆ, ಕಮೆಂಟುಗಳ ಸಂಖ್ಯೆ, ಲೈಕು ಮೊದಲಾದ ಪ್ರತಿಕ್ರಿಯೆಗಳ ಸಂಖ್ಯೆ ಇಷ್ಟು ಬೇಕು ಎಂದು ಅದರಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಹೇಳದೆ ಇದ್ದುದು ಬರುವುದಿಲ್ಲ. ಉತ್ತರ ಒಂದೇ ಕಂತಿನಲ್ಲಿಯೂ ಬರುವುದಿಲ್ಲ. ಸಾಮಾನ್ಯವಾಗಿ ೨೫ ಬರಹಗಳು ಬಂದು, "ಮುಂದಿನ ಹಾಳೆಗೆ ಈ ಗುರುತು ತೋರಿಸು" ಎಂಬ ಸೂಚನೆ ಜೊತೆಗೆ ಬರುತ್ತದೆ. ಆ ಗುರುತು ಹಿಡಿದು ಮತ್ತೆ ಚೀಟಿ ಕೊಡಬೇಕು. ಇದನ್ನು ಅರಿಯದವರು ಮೊದಲ ಹಾಳೆಯನ್ನೇ ಪೂರ್ತಿ ಪುಸ್ತಕವೆಂದು ಭಾವಿಸಿ ಮೋಸ ಹೋಗುತ್ತಾರೆ. ಇಷ್ಟು ಹೊತ್ತಿಗೆ ಇಷ್ಟೇ ಚೀಟಿ ಎಂಬ ಮಿತಿಯೂ ಉಂಟು. ಮಿತಿ ಮೀರಿದರೆ ಕಿಟಕಿ ಸ್ವಲ್ಪ ಕಾಲ ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರ ಪುಟದ ಬಹಿರಂಗ ಬರಹಗಳನ್ನು ಹೀಗೆ ತರಿಸಬೇಕಾದರೆ ಕಂಪನಿಯು ನಮ್ಮ ಅರ್ಜಿಯನ್ನು ಪರಿಶೀಲಿಸಿ ಬೇರೆಯೇ ಅನುಮತಿ ಕೊಡಬೇಕು.

ಪ್ರೋಗ್ರಾಮು ಬರೆಯಬಲ್ಲ ಹುಡುಗರು ಸಂಘದಲ್ಲಿ ಇಲ್ಲದಿದ್ದರೂ ಕೈಚೆಲ್ಲಬೇಕಾಗಿಲ್ಲ. ಪುಟದ ಒಡೆಯರು ತಮ್ಮದೇ ಪುಟದ ಲೆಕ್ಕವನ್ನು ಪಟ್ಟಿಯ ರೂಪದಲ್ಲಿ ಇಳಿಸಿಕೊಳ್ಳುವ ಅನುಕೂಲವನ್ನು ಕಂಪನಿ ಇಟ್ಟಿದೆ. ಅಲ್ಲಿಂದಲೇ ಪ್ರಾರಂಭಿಸಬಹುದು.

ಬಂದ ಅಂಕಿಯನ್ನು ಓದುವ ಬಗೆ

ಲೆಕ್ಕ ಕೈಗೆ ಬಂದಮೇಲೆ ಅದನ್ನು ಓದುವುದನ್ನು ಕಲಿಯಬೇಕು. ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ತಿಳಿಯಿರಿ. ಒಂದು, ಬರಹವು ಎಷ್ಟು ಜನರನ್ನು ತಲುಪಿತು. ಎರಡು, ಅದು ಎಷ್ಟು ಸಲ ಪರದೆಯ ಮೇಲೆ ಬಂತು. ಒಬ್ಬರ ಪರದೆಯ ಮೇಲೆ ಮೂರು ಸಲ ಬಂದರೆ, ತಲುಪಿದ ಜನ ಒಬ್ಬರೇ, ತೋರಿದ್ದು ಮಾತ್ರ ಮೂರು ಸಲ. ಮೂರು, ನೋಡಿದವರಲ್ಲಿ ಎಷ್ಟು ಮಂದಿ ಲೈಕು ಒತ್ತಿದರು, ಮಾತು ಬರೆದರು, ಇತರರಿಗೆ ಹಂಚಿದರು. ಇದನ್ನು ಸ್ಪಂದನೆ ಎನ್ನೋಣ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಮೊದಲನೆಯ ಸೂಚನೆ ೪೦೦ ಜನರನ್ನು ತಲುಪಿತು, ೪೦ ಮಂದಿ ಸ್ಪಂದಿಸಿದರು. ಎರಡನೆಯದು ೪,೦೦೦ ಜನರನ್ನು ತಲುಪಿತು, ೮೦ ಮಂದಿ ಸ್ಪಂದಿಸಿದರು. ಲೈಕನ್ನು ಮಾತ್ರ ನೋಡುವವನು ಎರಡನೆಯದೇ ಮೇಲು ಎನ್ನುತ್ತಾನೆ. ಆದರೆ ಮೊದಲನೆಯದಕ್ಕೆ ನೂರಕ್ಕೆ ಹತ್ತು ಮಂದಿ ಓಗೊಟ್ಟಿದ್ದಾರೆ, ಎರಡನೆಯದಕ್ಕೆ ನೂರಕ್ಕೆ ಇಬ್ಬರು. ಮೊದಲನೆಯ ಸೂಚನೆಯಲ್ಲಿ ಜನರಿಗೆ ಬೇಕಾದ ಮಾತು ಇತ್ತು, ಆದರೆ ಯಂತ್ರವು ಅದನ್ನು ಹೆಚ್ಚು ಜನಕ್ಕೆ ತೋರಿಸಲಿಲ್ಲ ಎಂದು ಇದರಿಂದ ಊಹಿಸಬಹುದು. ಲೈಕು ಕಡಿಮೆ ಬಂದರೆ ಜನ ನಮ್ಮೊಂದಿಗಿಲ್ಲ ಎಂದು ಎದೆಗುಂದುವ ಗೆಳೆಯರು ಈ ಭಾಗಾಕಾರವನ್ನು ಮೊದಲು ಮಾಡಿ ನೋಡಬೇಕು.

ವ್ಯಾಪಾರಿ ಮಿತ್ರರಿಗೂ ಇದೇ ಮಾತು. ನೀವು ಬೂಸ್ಟಿಗೆಂದು ೫೦೦ ರೂಪಾಯಿ ಕಟ್ಟಿದಿರಿ. ೬,೦೦೦ ಜನರನ್ನು ತಲುಪಿತೆಂದು ಕಂಪನಿ ಹೇಳಿತು ಎಂದಿಟ್ಟುಕೊಳ್ಳಿ. ಆ ಆರು ಸಾವಿರದಲ್ಲಿ ನಿಮ್ಮ ಅಂಗಡಿಗೆ ನಡೆದು ಬರಬಲ್ಲವರು ಎಷ್ಟು? ಬಂದವರು ಎಷ್ಟು? ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಾಳೆ ಇಟ್ಟು, "ಎಲ್ಲಿ ನೋಡಿ ಬಂದಿರಿ?" ಎಂದು ಗಿರಾಕಿಯನ್ನು ಕೇಳಿ ಗೀಟು ಹಾಕಿಕೊಂಡರೆ, ಕಂಪನಿಯ ಅಂಕಿಯ ಪಕ್ಕದಲ್ಲಿ ಇಡಲು ನಿಮ್ಮದೊಂದು ಅಂಕಿ ಇರುತ್ತದೆ.

ಅಳತೆಯೇ ತಪ್ಪಿದಾಗ

"ಅಷ್ಟು ದೊಡ್ಡ ಕಂಪನಿ ಲೆಕ್ಕದಲ್ಲಿ ತಪ್ಪುತ್ತದೆಯೇ?" ಎನ್ನುವವರಿದ್ದಾರೆ. ತಪ್ಪಿದೆ. ಜನ ವೀಡಿಯೋ ಒಂದನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂಬ ತನ್ನ ಅಂಕಿ ಎರಡು ವರ್ಷ ಕಾಲ ಹೆಚ್ಚಾಗಿ ತೋರುತ್ತಿತ್ತೆಂದು ಫೇಸ್‌ಬುಕ್ಕು ೨೦೧೬ರಲ್ಲಿ ಒಪ್ಪಿಕೊಂಡಿತು. ಜಾಹೀರಾತು ಸಂಸ್ಥೆಯೊಂದಕ್ಕೆ ಕೊಟ್ಟ ವಿವರದಂತೆ ಹೆಚ್ಚಳ ಶೇಕಡ ೬೦ರಿಂದ ೮೦. ಕಾರಣ ಸರಳ. ನೋಡಿದ ಒಟ್ಟು ಹೊತ್ತನ್ನು ನೋಡಿದವರೆಲ್ಲರ ಸಂಖ್ಯೆಯಿಂದ ಭಾಗಿಸದೆ, ಮೂರು ಸೆಕೆಂಡಿಗಿಂತ ಹೆಚ್ಚು ನೋಡಿದವರ ಸಂಖ್ಯೆಯಿಂದ ಮಾತ್ರ ಭಾಗಿಸಿದ್ದರು. ತರಗತಿಯ ಎಲ್ಲ ಹುಡುಗರ ಅಂಕಗಳನ್ನು ಕೂಡಿಸಿ, ಪಾಸಾದವರ ಸಂಖ್ಯೆಯಿಂದ ಮಾತ್ರ ಭಾಗಿಸಿದರೆ ಸರಾಸರಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ಯಾವ ಮೇಷ್ಟರನ್ನು ಬೇಕಾದರೂ ಕೇಳಿ. ಆ ಅಂಕಿಯನ್ನು ನಂಬಿ ಜಾಹೀರಾತಿಗೆ ಹಣ ಸುರಿದವರು ಮೊಕದ್ದಮೆ ಹೂಡಿದರು. ೨೦೧೯ರಲ್ಲಿ ಕಂಪನಿ ೪ ಕೋಟಿ ಡಾಲರು ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು.

ಇನ್ನೊಂದು ಸಂಗತಿ ೨೦೨೧ರದು. ಸಂಶೋಧಕರಿಗೆಂದು ಅದೇ ಕಂಪನಿ ಕೊಟ್ಟಿದ್ದ ದೊಡ್ಡ ಲೆಕ್ಕದಲ್ಲಿ ಅಮೇರಿಕದ ಬಳಕೆದಾರರಲ್ಲಿ ಸುಮಾರು ಅರ್ಧದಷ್ಟು ಜನರ ಲೆಕ್ಕವೇ ಬಿಟ್ಟುಹೋಗಿತ್ತು. ಇದು ಹೊರಬಿದ್ದದ್ದು ಹೇಗೆ? ಇಟಲಿಯ ಉರ್ಬಿನೋ ವಿಶ್ವವಿದ್ಯಾನಿಲಯದ ಸಂಶೋಧಕರೊಬ್ಬರು ಕಂಪನಿ ಪ್ರಕಟಿಸಿದ ವರದಿಯನ್ನೂ, ಸಂಶೋಧಕರಿಗೆ ಕೊಟ್ಟ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ತಾಳೆ ನೋಡಿದರು. ಎರಡೂ ಕೂಡಿಬರಲಿಲ್ಲ. ಒಂದೇ ಪುಸ್ತಕ ಇದ್ದಿದ್ದರೆ ತಪ್ಪು ಪುಸ್ತಕದೊಳಗೇ ಉಳಿಯುತ್ತಿತ್ತು. ಕಿರ್ದಿ ಮತ್ತು ಖಾತೆ ಎರಡನ್ನೂ ತಾಳೆ ಹಾಕುವ ವ್ಯಾಪಾರಿಗೆ ಈ ನೀತಿಯನ್ನು ಹೊಸದಾಗಿ ಬೋಧಿಸಬೇಕಾಗಿಲ್ಲ.

ಕಿಟಕಿ ತೆರೆದಿದ್ದಾಗಿನ ಕೇಡು

ಹಾಗಾದರೆ ಕಿಟಕಿಯನ್ನು ಎಲ್ಲರಿಗೂ ಪೂರ್ತಿಯಾಗಿ ತೆರೆದುಬಿಟ್ಟರೆ ಆಯಿತೇ? ಆಗಲಿಲ್ಲ. ಇಲ್ಲಿ ನಾವು ಎಚ್ಚರದಿಂದ ಯೋಚಿಸಬೇಕು. ಏಕೆಂದರೆ ಕಿಟಕಿಯಿಂದ ಎಣಿಕೆ ಮಾತ್ರ ಹೊರಗೆ ಬರಲಿಲ್ಲ, ಜನರ ಹೆಸರುಗಳೂ ಬಂದವು.

ಫೇಸ್‌ಬುಕ್ಕಿನ ಹಳೆಯ ಕಿಟಕಿಯಲ್ಲಿ ಒಬ್ಬನ ಒಪ್ಪಿಗೆ ಪಡೆದ ಆ್ಯಪು ಅವನ ಗೆಳೆಯರ ವಿವರಗಳನ್ನೂ ತೆಗೆದುಕೊಳ್ಳಬಹುದಾಗಿತ್ತು. ಗೆಳೆಯರನ್ನು ಕೇಳುವವರಿರಲಿಲ್ಲ. ಈ ದಾರಿ ೨೦೧೫ರವರೆಗೆ ತೆರೆದಿತ್ತು. ಈ ದಾರಿಯಿಂದ ತೆಗೆದ ವಿವರಗಳು ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ವ್ಯಾಪಾರದ ಕಂಪನಿಯ ಕೈಸೇರಿದ್ದು ೨೦೧೮ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಆ್ಯಪನ್ನು ಹಾಕಿಕೊಂಡವರು ಸುಮಾರು ೨ ಲಕ್ಷ ೭೦ ಸಾವಿರ ಜನ. ವಿವರ ಹೋಗಿರಬಹುದಾದವರು ೮ ಕೋಟಿ ೭೦ ಲಕ್ಷ ಜನ ಎಂದು ಫೇಸ್‌ಬುಕ್ಕೇ ಹೇಳಿತು. ನಮ್ಮ ದೇಶದಲ್ಲಿ ಅದನ್ನು ಹಾಕಿಕೊಂಡವರು ೩೩೫ ಮಂದಿ ಮಾತ್ರ. ಅವರ ಗೆಳೆಯರೂ ಸೇರಿ ಬಲೆಗೆ ಬಿದ್ದಿರಬಹುದಾದವರು ೫,೬೨,೪೫೫ ಮಂದಿ. ೨೦೧೯ರಲ್ಲಿ ಅಮೇರಿಕದ ಸರಕಾರ ಆ ಕಂಪನಿಗೆ ೫೦೦ ಕೋಟಿ ಡಾಲರು ದಂಡ ಹಾಕಿತು.

ಕಾರ್ಮಿಕರು ಇದಕ್ಕಿಂತಲೂ ಹೆಚ್ಚು ಗಮನಿಸಬೇಕಾದ ಸಂಗತಿ ೨೦೧೬ರದು. ಜಿಯೋಫೀಡಿಯಾ ಎಂಬ ಕಂಪನಿ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಟ್ವಿಟರುಗಳ ಕಿಟಕಿಗಳಿಂದ ಬಹಿರಂಗ ಬರಹಗಳನ್ನು ಸ್ಥಳವಾರಿಯಾಗಿ ತೆಗೆದು, ಪ್ರತಿಭಟನೆಗಳ ಮೇಲೆ ಕಣ್ಣಿಡುವ ಸಾಧನವೆಂದು ಅಮೇರಿಕದ ಪೋಲೀಸರಿಗೆ ಮಾರುತ್ತಿತ್ತು. ಫರ್ಗುಸನ್ನಿನಲ್ಲಿ, ಬಾಲ್ಟಿಮೋರಿನಲ್ಲಿ ಕರಿಯ ಜನ ಬೀದಿಗಿಳಿದಿದ್ದ ದಿನಗಳನ್ನೇ ತನ್ನ ಸಾಧನದ ಗುಣಗಾನಕ್ಕೆ ಅದು ಬಳಸಿಕೊಂಡಿತ್ತು. ಅಲ್ಲಿಯ ನಾಗರಿಕ ಸ್ವಾತಂತ್ರ್ಯ ಸಂಘದವರು ಸರಕಾರಿ ಕಾಗದಗಳನ್ನು ತರಿಸಿ ಇದನ್ನು ಬಯಲು ಮಾಡಿದ ಮೇಲೆ ಮೂರು ಜಾಲತಾಣಗಳೂ ಅದಕ್ಕೆ ಕಿಟಕಿಯನ್ನು ಮುಚ್ಚಿದವು.

ಮುಷ್ಕರದ ಸೂಚನೆಗೆ ಲೈಕು ಒತ್ತಿದವರ ಹೆಸರುಗಳನ್ನು ಸಾಲಾಗಿ ಬರೆದರೆ ಅದು ಏನಾಗುತ್ತದೆ? ಮ್ಯಾನೇಜರನ ಮೇಜಿನ ಮೇಲೆ ಇಡಲು ಸಿದ್ಧವಾದ ಕಪ್ಪುಪಟ್ಟಿ ಆಗುತ್ತದೆ. ಅದನ್ನು ತಯಾರಿಸಲು ಗೂಢಚಾರ ಬೇಡ, ಗೇಟಿನಲ್ಲಿ ನಿಂತು ನೋಡುವವನು ಬೇಡ. ಆದ್ದರಿಂದ ನಾವು ಬೇಡುವುದು ಎಣಿಕೆಯನ್ನು ಮಾತ್ರ. ಎಷ್ಟು ಮಂದಿ ಎಂಬುದು ಎಲ್ಲರಿಗೂ ತಿಳಿಯಲಿ. ಯಾರು ಯಾರು ಎಂಬುದು ಯಾರ ಕೈಗೂ ಹೋಗದಿರಲಿ. ಚುನಾವಣೆಯಲ್ಲಿ ಮತಗಳ ಎಣಿಕೆ ಬಹಿರಂಗ, ಮತ ಹಾಕಿದ್ದು ಗುಪ್ತ. ಇಲ್ಲಿಯೂ ಅದೇ ಧರ್ಮ ಸಲ್ಲಬೇಕು.

ಖಾಸಗಿ ಕಾಗದಕ್ಕೂ ಗೋಡೆಯ ಭಿತ್ತಿಪತ್ರಕ್ಕೂ ಇರುವ ಭೇದವನ್ನೂ ಮರೆಯಬಾರದು. ವಾಟ್ಸಾಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಬರೆದದ್ದು ಲಕೋಟೆಯಲ್ಲಿಟ್ಟ ಕಾಗದ. ಅದನ್ನು ಒಡೆದು ಓದುವ ಕಿಟಕಿ ನಮಗೂ ಬೇಡ, ಸರಕಾರಕ್ಕೂ ಬೇಡ. ಲಕ್ಷಾಂತರ ಜನಕ್ಕೆ ಕಾಣಲೆಂದೇ ಮಂತ್ರಿಯೋ ಪಕ್ಷವೋ ದೊಡ್ಡ ಕಂಪನಿಯೋ ಹಾಕಿದ ಬರಹ ಮಾತ್ರ ಭಿತ್ತಿಪತ್ರ. ಅದು ಎಷ್ಟು ಊರಿನ ಗೋಡೆಗಳ ಮೇಲೆ ಅಂಟಿತೆಂದು ತಿಳಿಯುವ ಹಕ್ಕು ಪ್ರಜೆಗಳಿಗಿದೆ.

ಕಿಟಕಿಗೆ ಬೆಲೆ ಕಟ್ಟಿದರು

ಈ ಕೇಡುಗಳಾದ ಮೇಲೆ ಕಂಪನಿಗಳು ಏನು ಮಾಡಿದವು? ಹೆಸರುಗಳನ್ನು ಮುಚ್ಚಿ ಎಣಿಕೆಯನ್ನು ತೆರೆದಿಡಬಹುದಾಗಿತ್ತು. ಅದರ ಬದಲು, ಜನರ ಗುಟ್ಟು ಕಾಪಾಡುತ್ತೇವೆಂದು ಹೇಳುತ್ತ ಎಣಿಕೆಯನ್ನೂ ಒಳಗೆ ಎಳೆದುಕೊಂಡವು. ಕೆಲವು ಅದಕ್ಕೆ ಬೆಲೆಯನ್ನೇ ಕಟ್ಟಿದವು.

ಟ್ವಿಟರು ೨೦೨೧ರಲ್ಲಿ ವಿದ್ವಾಂಸರಿಗೆ ಹಣವಿಲ್ಲದೆ ಹಳೆಯ ಬರಹಗಳನ್ನು ಹುಡುಕಿ ಓದುವ ಅನುಕೂಲ ಮಾಡಿಕೊಟ್ಟಿತ್ತು. ೨೦೨೨ರಲ್ಲಿ ಇಲಾನ್ ಮಸ್ಕ್ ಅದನ್ನು ಕೊಂಡರು. ೨೦೨೩ರಲ್ಲಿ ಪುಕ್ಕಟೆ ಓದು ನಿಂತುಹೋಯಿತು. ಆಗ ಕಟ್ಟಿದ ಬೆಲೆಯಂತೆ ತಿಂಗಳಿಗೆ ೧೦೦ ಡಾಲರು, ಎಂದರೆ ೮,೦೦೦ ರೂಪಾಯಿಗೂ ಮೇಲೆ, ಕೊಟ್ಟವರಿಗೆ ೧೦,೦೦೦ ಬರಹ ಓದಲು ಅವಕಾಶವಿತ್ತು. ಹತ್ತು ಲಕ್ಷ ಬರಹ ಬೇಕಾದವರು ತಿಂಗಳಿಗೆ ೫,೦೦೦ ಡಾಲರು ತೆರಬೇಕಾಗಿತ್ತು. ಬರಹ ಬರೆದವರು ಜನ, ಲೈಕು ಒತ್ತಿದವರು ಜನ. ಅವೆರಡನ್ನೂ ಎಣಿಸಿ ನೋಡಬೇಕೆಂದರೆ ಶುಲ್ಕ ಕಟ್ಟಬೇಕು. ಗೋದಾಮಿನಲ್ಲಿ ನಮ್ಮದೇ ಮೂಟೆಗಳನ್ನು ಎಣಿಸಲು ಗೋದಾಮಿನ ಒಡೆಯನಿಗೆ ಕಾಣಿಕೆ ಸಲ್ಲಿಸುವಂತಾಯಿತು.

ಅದೇ ವರ್ಷ ರೆಡಿಟ್ ಎಂಬ ತಾಣವೂ ಸಾವಿರ ಚೀಟಿಗೆ ೨೪ ಸೆಂಟಿನಂತೆ ಬೆಲೆ ಹಾಕಿತು. ಆ ತಾಣವನ್ನು ಓದಲು ಅಪೋಲೋ ಎಂಬ ಆ್ಯಪು ಮಾಡಿಕೊಂಡಿದ್ದ ಒಬ್ಬ ತಯಾರಕರು, ಈ ದರದಲ್ಲಿ ತಮಗೆ ವರ್ಷಕ್ಕೆ ೨ ಕೋಟಿ ಡಾಲರು ತಗಲುತ್ತದೆಂದು ಲೆಕ್ಕ ಹಾಕಿ, ೨೦೨೩ರ ಜೂನ್ ೩೦ರಂದು ಅಂಗಡಿ ಮುಚ್ಚಿದರು. ಅಲ್ಲಿಯ ಸಾವಿರಾರು ಬಳಗಗಳನ್ನು ಕೂಲಿಯಿಲ್ಲದೆ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಜೂನ್ ೧೨ರಿಂದ ಬಾಗಿಲು ಹಾಕಿ ಹರತಾಳ ಮಾಡಿದರು. ಬಾಗಿಲು ತೆರೆಯದವರನ್ನು ತೆಗೆದು ಬೇರೆಯವರನ್ನು ಕೂರಿಸುವುದಾಗಿ ಕಂಪನಿ ಬೆದರಿಸಿತು. ಬೆಲೆ ಇಳಿಯಲಿಲ್ಲ. ಬೆನ್ನಿಗೆ ಸಂಘವೂ ಕಾನೂನೂ ಇಲ್ಲದ ಹರತಾಳದ ಗತಿ ಏನಾಗುತ್ತದೆಂದು ನಮ್ಮ ಹಿರಿಯ ಕಾರ್ಮಿಕರು ಬಲ್ಲರು.

ಫೇಸ್‌ಬುಕ್ಕಿನ ಬಹಿರಂಗ ಪುಟಗಳಲ್ಲಿ ಯಾವ ಬರಹಕ್ಕೆ ಎಷ್ಟು ಸ್ಪಂದನೆ ಬಂತೆಂದು ತೋರಿಸುವ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವಿತ್ತು. ಅದನ್ನು ಕಂಪನಿ ೨೦೧೬ರಲ್ಲಿ ಕೊಂಡಿತ್ತು. ಸುಳ್ಳು ಸುದ್ದಿಯ ಬೆನ್ನು ಹತ್ತುವ ಪತ್ರಕರ್ತರಿಗೆ ಅದು ಕಣ್ಣಾಗಿತ್ತು. ೨೦೨೪ರ ಆಗಸ್ಟ್ ೧೪ರಂದು ಅದನ್ನು ಮುಚ್ಚಿದರು. ಅದೇ ವರ್ಷ ನಮ್ಮಲ್ಲಿಯೂ ಅಮೇರಿಕದಲ್ಲಿಯೂ ದೊಡ್ಡ ಚುನಾವಣೆಗಳಿದ್ದವು. ಅದರ ಬದಲಿಗೆ ತಂದ ಹೊಸ ಭಂಡಾರಕ್ಕೆ ವಿದ್ಯಾಸಂಸ್ಥೆಗಳವರೂ ಲಾಭವಿಲ್ಲದೆ ನಡೆಯುವ ಸಂಶೋಧನಾ ಸಂಸ್ಥೆಗಳವರೂ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಾಯಿತು. ಸಾಧಾರಣ ಪತ್ರಿಕೆಗಳಿಗೆ ಪ್ರವೇಶ ಸಿಗಲಿಲ್ಲ.

ತಕ್ಕಡಿಗೆ ಮುದ್ರೆ ಇರುವಂತೆ

ವ್ಯಾಪಾರಿ ಮಿತ್ರರೇ, ನಿಮ್ಮ ಅಂಗಡಿಯ ತಕ್ಕಡಿ ಕಾಲು ಕಿಲೋ ಬೇಳೆ ತೂಗುವಂಥದು. ಅದಕ್ಕೆ ಸರಕಾರದ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ಇನ್ಸ್‌ಪೆಕ್ಟರರು ಬಂದು ದಂಡ ಹಾಕುತ್ತಾರೆ. ಅದು ಸರಿಯಾದದ್ದೇ, ಗಿರಾಕಿಗೆ ಮೋಸವಾಗಬಾರದು. ಆದರೆ ಕೋಟ್ಯಂತರ ಜನರ ನೋಟವನ್ನು ತೂಗಿ, ಆ ತೂಕದ ಮೇಲೆ ನಿಮ್ಮಿಂದ ಹಣ ಎತ್ತುವ ಕಂಪನಿಯ ತಕ್ಕಡಿಗೆ ನಮ್ಮ ದೇಶದಲ್ಲಿ ಯಾವ ಮುದ್ರೆ ಇದೆ? ಯಾವ ಇನ್ಸ್‌ಪೆಕ್ಟರು ಅದನ್ನು ಎತ್ತಿ ನೋಡುತ್ತಾನೆ?

ಅಳತೆಯ ಜಗಳ ಸಣ್ಣದೆಂದು ಯಾರೂ ತಿಳಿಯಬೇಡಿ. ೧೯೫೧ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತಾಗ, ಗೇಣಿಯ ಭತ್ತ ಅಳೆಯುವ ಕೊಳಗವೇ ಜಗಳದ ಮೊದಲ ಮಾತುಗಳಲ್ಲಿ ಒಂದಾಗಿತ್ತು. ಒಡೆಯರ ಮನೆಯ ಕೊಳಗ ದೊಡ್ಡದು. ನ್ಯಾಯದ ಕೊಳಗದಲ್ಲಿ ಅಳೆಯಿರಿ ಎಂದು ರೈತರು ಕೇಳಿದರು. ಕೇಳಿದ್ದು ಒಂದು ಅಳತೆಯನ್ನು. ಅದು ಸತ್ಯಾಗ್ರಹವಾಗಿ ಬೆಳೆಯಿತು. ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ದಸ್ತಗಿರಿಯಾದರು. ಉಳುವವನಿಗೇ ಭೂಮಿ ಎಂಬ ಕೂಗು ನಮ್ಮ ನಾಡಿನಲ್ಲಿ ಬಲಿತದ್ದರಲ್ಲಿ ಆ ಕೊಳಗದ ಪ್ರಶ್ನೆಗೂ ಪಾಲಿದೆ.

ಈಗ ಇದಕ್ಕೆ ಕಾನೂನಿನ ದಾರಿಯೂ ತೆರೆಯತೊಡಗಿದೆ. ಯೂರೋಪಿನ ಒಕ್ಕೂಟ ೨೦೨೨ರಲ್ಲಿ ಡಿಜಿಟಲ್ ಸೇವೆಗಳ ಕಾಯಿದೆ ಮಾಡಿತು. ಅಲ್ಲಿ ತಿಂಗಳಿಗೆ ೪ ಕೋಟಿ ೫೦ ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಬಳಕೆದಾರರಿರುವ ದೊಡ್ಡ ತಾಣಗಳು ಅರ್ಹ ಸಂಶೋಧಕರಿಗೆ ಬಹಿರಂಗ ಲೆಕ್ಕವನ್ನು ಕೊಡಲೇಬೇಕೆಂದು ಅದರ ೪೦ನೆಯ ವಿಧಿ ಹೇಳುತ್ತದೆ. ತಪ್ಪಿದರೆ ಜಗತ್ತಿನಾದ್ಯಂತದ ವಹಿವಾಟಿನ ನೂರಕ್ಕೆ ಆರರವರೆಗೆ ದಂಡ. ೨೦೨೫ರ ಡಿಸೆಂಬರಿನಲ್ಲಿ ಎಕ್ಸ್ ಕಂಪನಿಗೆ, ಎಂದರೆ ಹಳೆಯ ಟ್ವಿಟರಿಗೆ, ೧೨ ಕೋಟಿ ಯೂರೋ ದಂಡ ಬಿತ್ತು. ಅದಕ್ಕೆ ಕೊಟ್ಟ ಮೂರು ಕಾರಣಗಳಲ್ಲಿ ಒಂದು, ಸಂಶೋಧಕರಿಗೆ ಲೆಕ್ಕ ತೆಗೆಯಲು ಅಡ್ಡಿ ಮಾಡಿದ್ದು.

ನಮ್ಮ ಸಂಸತ್ತು ೨೦೨೩ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಒಂದು ಕಾಯಿದೆ ಮಾಡಿದೆ. ಹೆಸರುಗಳ ಪ್ರಶ್ನೆಗೆ ಅದು ಸಂಬಂಧಿಸಿದೆ. ಎಣಿಕೆಯನ್ನು ಕಂಪನಿಗಳಿಂದ ಕೇಳಿ ಪಡೆಯುವ ಹಕ್ಕು ಅದರಲ್ಲಿ ಇಲ್ಲ. ಆ ಹಕ್ಕನ್ನು ನಾವು ಇನ್ನು ಮೇಲೆ ಗಳಿಸಬೇಕಾಗಿದೆ.

ನಾವು ಈಗಲೇ ಮಾಡಬಹುದಾದದ್ದು

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಂದು ಸಂಘವೂ, ವರ್ತಕರ ಬಳಗವೂ ತನ್ನದೊಂದು ಲೆಕ್ಕದ ಪುಸ್ತಕ ಇಡಲಿ. ಬರಹ ಹಾಕಿದ ದಿನ ಮತ್ತು ಹೊತ್ತು, ಅದರ ಒಕ್ಕಣೆಯ ನಕಲು, ತಲುಪಿದ ಜನ, ಲೈಕು, ಕಮೆಂಟು, ಶೇರು ಇಷ್ಟಕ್ಕೆ ಒಂದೊಂದು ಕಾಲಮು ಇರಲಿ. ನಕಲು ಅವಶ್ಯ, ಬರಹ ಅಳಿದುಹೋದರೆ ಕಿಟಕಿಯಲ್ಲಿ ಮತ್ತೆ ಸಿಗುವುದಿಲ್ಲ.

ಲೆಕ್ಕವನ್ನು ಯಾವಾಗಲೂ ಹಾಕಿದ ಏಳನೆಯ ದಿನವೇ ತೆಗೆಯಿರಿ. ಲೈಕು ದಿನದಿನಕ್ಕೆ ಬೆಳೆಯುತ್ತದೆ. ನಿನ್ನೆ ಹಾಕಿದ್ದನ್ನು ಕಳೆದ ತಿಂಗಳು ಹಾಕಿದ್ದರೊಡನೆ ಹೋಲಿಸಿದರೆ ಎಳೆಗರುವನ್ನು ಎತ್ತಿನೊಡನೆ ತೂಗಿದಂತಾಗುತ್ತದೆ. ತಿಂಗಳಿಗೊಮ್ಮೆ ಈ ಪುಸ್ತಕವನ್ನು ಸಭೆಯಲ್ಲಿ ಓದಿ, ಸಭೆಗೆ ಬಂದವರ ಸಂಖ್ಯೆ, ಚಂದಾ ಕೊಟ್ಟವರ ಸಂಖ್ಯೆ ಇವುಗಳ ಪಕ್ಕದಲ್ಲಿ ಇಟ್ಟು ನೋಡಿ. ಸಾವಿರ ಲೈಕು ಬಂದು ಸಭೆಗೆ ಹತ್ತು ಜನ ಬಂದರೆ, ನಮ್ಮ ಕೆಲಸ ಎಲ್ಲಿ ಬಾಕಿ ಇದೆಯೆಂದು ಪುಸ್ತಕವೇ ಹೇಳುತ್ತದೆ.

ಹೆಸರುಗಳನ್ನು ಮಾತ್ರ ಪುಸ್ತಕದಲ್ಲಿ ಬರೆಯಕೂಡದು. ಯಾರು ಲೈಕು ಒತ್ತಿದರು, ಯಾರು ಒತ್ತಲಿಲ್ಲ ಎಂದು ಸಂಘದ ಪದಾಧಿಕಾರಿಗಳೂ ಪಟ್ಟಿ ಮಾಡಕೂಡದು. ಮಾಲೀಕನ ಕೈಯಲ್ಲಿ ತಪ್ಪಾದದ್ದು ನಮ್ಮ ಕೈಯಲ್ಲಿಯೂ ತಪ್ಪೇ. ಬಿಲ್ಲೆ ಇಬ್ಬರ ಬಳಿ ಇರಲಿ. ಅವರು ಜವಾಬ್ದಾರಿ ಬಿಟ್ಟ ದಿನವೇ ಅದನ್ನು ರದ್ದು ಮಾಡಿಸಿ ಹೊಸದು ಪಡೆಯಿರಿ.

ಮ್ಯಾಸ್ಟಡಾನ್, ಬ್ಲೂಸ್ಕೈ ಎಂಬ ತಾಣಗಳೂ ಇವೆ. ಅವುಗಳ ಕಿಟಕಿ ತೆರೆದಿದೆ. ಬಹಿರಂಗ ಬರಹಗಳನ್ನೂ ಅವುಗಳ ಎಣಿಕೆಯನ್ನೂ ಶುಲ್ಕವಿಲ್ಲದೆ ತೆಗೆಯಬಹುದು. ನಮ್ಮ ಊರಿನ ಜನ ಅಲ್ಲಿ ಇನ್ನೂ ಕಡಿಮೆ. ಆದರೂ ಎಣಿಕೆಯನ್ನು ತೆರೆದಿಟ್ಟು ತಾಣ ನಡೆಸುವುದು ಅಸಾಧ್ಯವೆಂಬ ಮಾತಿಗೆ ಅವು ಉತ್ತರ. ಅಲ್ಲಿಯೂ ಎಚ್ಚರ ಬೇಕು: ಬ್ಲೂಸ್ಕೈಯಲ್ಲಿ ಯಾರು ಲೈಕು ಒತ್ತಿದರೆಂಬುದೂ ಎಲ್ಲರಿಗೂ ಕಾಣುತ್ತದೆ.

ಕೊನೆಯದಾಗಿ ಈ ವರ್ಗದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ. ದೊಡ್ಡ ತಾಣಗಳು ಬಹಿರಂಗ ಪುಟಗಳ ಬರಹಗಳ ಎಣಿಕೆಯನ್ನು ಪತ್ರಿಕೆ, ವಿದ್ಯಾಸಂಸ್ಥೆ, ಕಾರ್ಮಿಕ ಸಂಘಗಳಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು. ಜಾಹೀರಾತಿಗಾಗಿ ಹಣ ಪಡೆಯುವ ಕಂಪನಿಯ ಅಳತೆಯನ್ನು ಅದಕ್ಕೆ ಸೇರದ ಪರೀಕ್ಷಕರು ಕಾಲಕಾಲಕ್ಕೆ ಪರೀಕ್ಷಿಸತಕ್ಕದ್ದು. ಲೈಕು ಒತ್ತಿದ ಸಾಮಾನ್ಯ ಜನರ ಹೆಸರುಗಳನ್ನು ಮಾಲೀಕನಿಗಾಗಲಿ ಪೋಲೀಸರಿಗಾಗಲಿ ಮಾರುವುದು ಅಪರಾಧವೆನಿಸತಕ್ಕದ್ದು. ಇವನ್ನು ಚರ್ಚಿಸಿ, ತಿದ್ದಬೇಕಾದದ್ದನ್ನು ತಿದ್ದಿ, ನಿಮ್ಮ ನಿಮ್ಮ ಸಂಘಗಳಲ್ಲಿ ಠರಾವು ಮಾಡಿ ಜಿಲ್ಲಾ ಕಚೇರಿಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಗಕ್ಕೆ ಬರುವಾಗ ಪ್ರತಿಯೊಂದು ಘಟಕವೂ ತನ್ನ ಪುಟದ ಒಂದು ತಿಂಗಳ ಲೆಕ್ಕವನ್ನು ತರಲಿ. ಅವನ್ನು ಇಲ್ಲಿಯೇ ಎಲ್ಲರೂ ಕುಳಿತು ತಾಳೆ ನೋಡೋಣ.